ನಿಂತ ಸವಾರರು ಕುಳಿತ ಕಥೆ

ಕುಳಿತು ಪ್ರಯಾಣ ಮಾಡುವವನ ಸುಖ ನಿಂತು ಪ್ರಯಾಣ ಮಾಡುವವನಿಗಿಲ್ಲ. ಕಿಕ್ಕಿರಿದ ಬಸ್ಸಿನಲ್ಲಿ ಮೇಲಿನ ಸರಳಿಗೆ ಜೋತುಬಿದ್ದು ಆಫೀಸು ಸೇರುವವರಿಗೆಲ್ಲ ಇದು ತಿಳಿದ ಮಾತು. ಡ್ರೈವರು ತಟ್ಟನೆ ಬ್ರೇಕು ಹಾಕಿದರೆ ಕುಳಿತವನ ಕತ್ತು ಮಾತ್ರ ಅಲುಗುತ್ತದೆ. ನಿಂತವನ ದೇಹವೆಲ್ಲವೂ ಮುಂದಕ್ಕೆ ಮುಗ್ಗರಿಸುತ್ತದೆ. ಇನ್ನು ಆ ಬಸ್ಸು ಗಂಟೆಗೆ 60 ಮೈಲಿ ವೇಗದಲ್ಲಿ 137 ಅಡಿ ಆಳಕ್ಕೆ ಧುಮುಕಿ, ಅನಂತರ ನಾಲ್ಕು ಸಲ ತಲೆಕೆಳಗಾಗುವುದಾದರೆ ನಿಂತವನ ಪಾಡೇನು?

ಈ ಪ್ರಶ್ನೆಗೆ ಹಣ ಕೊಟ್ಟು, ಸಾಲಿನಲ್ಲಿ ಕಾದು, ಉತ್ತರ ಪಡೆದು ಬಂದವರು ಲಕ್ಷಾಂತರ ಮಂದಿ. ಅವರು ಏರಿದ ವಾಹನದ ಹೆಸರು ಮ್ಯಾಂಟಿಸ್. ಅಮೆರಿಕಾ ಸಂಯುಕ್ತ ಸಂಸ್ಥಾನದ ಓಹಾಯೋ ಪ್ರಾಂತದಲ್ಲಿ, ಈರೀ ಸರೋವರದೊಳಕ್ಕೆ ಚಾಚಿಕೊಂಡಿರುವ ಭೂಶಿರದ ಮೇಲಿನ ಸೀಡರ್ ಪಾಯಿಂಟ್ ಎಂಬ ವಿನೋದೋದ್ಯಾನದಲ್ಲಿ ಅದು 1996ರ ಮೇ ತಿಂಗಳಿನಿಂದ 2014ರ ಅಕ್ಟೋಬರಿನವರೆಗೆ ಓಡಿತು. ಬಳಿಕ ಅದರ ಓಟ ನಿಂತಿತು; ಆದರೆ ಅದರ ಕಂಬಗಳನ್ನು ಯಾರೂ ಕೀಳಲಿಲ್ಲ, ಹಳಿಗಳನ್ನು ಯಾರೂ ಕರಗಿಸಲಿಲ್ಲ. ಏಳು ತಿಂಗಳು ತುಂಬುವುದರೊಳಗೆ ಅದೇ ಹಳಿಯ ಮೇಲೆ ಬೇರೊಂದು ಗಾಡಿ, ಬೇರೊಂದು ಹೆಸರು ಹೊತ್ತು, ಸವಾರರನ್ನು ಕೂರಿಸಿಕೊಂಡು ಓಡತೊಡಗಿತು. ಮುಪ್ಪಡರಿದ ಯಂತ್ರವೊಂದಕ್ಕೆ ನಡೆದ ಈ ಕಾಯಕಲ್ಪದ ವಿವರ ಸ್ವಾರಸ್ಯಕರವಾಗಿದೆ.

ನಿಲ್ಲುವ ಹುಚ್ಚು

ರೋಲರ್ ಕೋಸ್ಟರ್ ಎಂದರೆ ಇಂಜಿನ್ನಿಲ್ಲದ ರೈಲು. ಸರಪಳಿಯೊಂದು ಅದನ್ನು ಉಕ್ಕಿನ ದಿಬ್ಬದ ನೆತ್ತಿಯವರೆಗೆ ಎಳೆದು ಬಿಡುತ್ತದೆ. ಅಲ್ಲಿಂದ ಮುಂದಿನ ಕೆಲಸವೆಲ್ಲ ಭೂಮಿಯ ಆಕರ್ಷಣೆಯದು. ಸೀಡರ್ ಪಾಯಿಂಟ್‌ನಲ್ಲಿ ಇಂಥ ಮೊದಲನೆಯ ವಾಹನ ಬಂದದ್ದು 1892ರಲ್ಲಿ. ಅದರ ಎತ್ತರ ಕೇವಲ 25 ಅಡಿ. ಆ ಕಾಲದ ಗೃಹಿಣಿಯರು ನೆರಿಗೆಯ ಉಡುಪು ಸರಿಪಡಿಸಿಕೊಂಡು, ಟೊಪ್ಪಿಗೆ ಹಾರಿಹೋಗದಂತೆ ಒಂದು ಕೈಯಲ್ಲಿ ಹಿಡಿದು, ನಿಶ್ಚಿಂತೆಯಿಂದ ಕೂರಬಹುದಾಗಿದ್ದ ವೇಗ ಅದರದು. ಒಂದು ಶತಮಾನದ ಅನಂತರ ಅದೇ ಉದ್ಯಾನ ಎತ್ತರದಲ್ಲಿಯೂ ವೇಗದಲ್ಲಿಯೂ ದಾಖಲೆಗಳನ್ನು ಮುರಿಯುವುದನ್ನೇ ವ್ರತವಾಗಿ ಹಿಡಿಯಿತು. 1989ರಲ್ಲಿ ಅಲ್ಲಿ 205 ಅಡಿಯ ಮ್ಯಾಗ್ನಮ್ ಎದ್ದು ನಿಂತಿತು. 1994ರಲ್ಲಿ, ಹಳಿಯ ಕೆಳಗೆ ತೂಗಾಡುತ್ತ ಓಡುವ ರ‍್ಯಾಪ್ಟರ್ ಬಂದಿತು.

ಎತ್ತರ ಸಾಲದಾದಾಗ ಮನುಷ್ಯ ಭಂಗಿಯನ್ನು ಬದಲಾಯಿಸಿ ನೋಡುತ್ತಾನೆ. ಸವಾರರನ್ನು ನಿಲ್ಲಿಸಿ ಓಡಿಸುವ ಯೋಚನೆಯನ್ನು ಕಾರ್ಯರೂಪಕ್ಕೆ ತಂದವರು ಜಪಾನಿನವರು. ಟೋಗೋ ಎಂಬ ಕಂಪನಿ 1982ರಲ್ಲಿ ಅಲ್ಲಿನ ಉದ್ಯಾನಗಳಲ್ಲಿ ನಿಲುವಿನ ಗಾಡಿಗಳನ್ನು ಓಡಿಸಿತು. ಎರಡೇ ವರ್ಷಗಳಲ್ಲಿ ಆ ಹುಚ್ಚು ಪೆಸಿಫಿಕ್ ಸಾಗರವನ್ನು ದಾಟಿತು. 1984ರಲ್ಲಿ ಓಹಾಯೋದ ದಕ್ಷಿಣ ಭಾಗದ ಕಿಂಗ್ಸ್ ಐಲೆಂಡ್ ಉದ್ಯಾನದಲ್ಲಿ ಅದೇ ಕಂಪನಿಯ ಕಿಂಗ್ ಕೋಬ್ರಾ ಹೆಡೆಯೆತ್ತಿತು.

ಈ ವಿದ್ಯೆಯನ್ನು ನಯಗೊಳಿಸಿದವರು ಸ್ವಿಟ್ಸರ್ಲೆಂಡಿನ ಇಬ್ಬರು ಇಂಜಿನಿಯರುಗಳು: ವಾಲ್ಟರ್ ಬೊಲಿಗರ್ ಮತ್ತು ಕ್ಲೋಡ್ ಮಬಿಯಾರ್. ಹಿಂದೆ ಒಂದೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಇವರು 1988ರಲ್ಲಿ ಮೋಂತೆ ಎಂಬ ಊರಿನಲ್ಲಿ ತಮ್ಮದೇ ಕಂಪನಿ ತೆರೆದರು. 1990ರಲ್ಲಿ ಇಲಿನಾಯ್ ಪ್ರಾಂತದ ಉದ್ಯಾನವೊಂದಕ್ಕೆ ಅವರು ಕಟ್ಟಿಕೊಟ್ಟ ಮೊಟ್ಟಮೊದಲ ರೋಲರ್ ಕೋಸ್ಟರೇ ನಿಲುವಿನದು. ಅದರ ಹೆಸರು ಐರನ್ ವುಲ್ಫ್, ಎಂದರೆ ಉಕ್ಕಿನ ತೋಳ. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ವೋರ್ಟೆಕ್ಸ್. ಆರು ವರ್ಷಗಳಲ್ಲಿ ಅವರ ಕೈ ಪಳಗಿ, ಧೈರ್ಯ ಬೆಳೆದು, ಮ್ಯಾಂಟಿಸ್ ಹುಟ್ಟಿತು.

ಹೆಸರಿನ ರಗಳೆ

ಹುಟ್ಟುವ ಮೊದಲೇ ಅದಕ್ಕೊಂದು ನಾಮಕರಣದ ಸಂಕಟ ಒದಗಿತು. ಉದ್ಯಾನದವರು ಮೊದಲು ಇಟ್ಟ ಹೆಸರು ಬ್ಯಾನ್‌ಶೀ. ಐರ್ಲೆಂಡಿನ ಜನಪದರ ನಂಬಿಕೆಯಂತೆ, ಮನೆಯಲ್ಲಿ ಸಾವು ಸಂಭವಿಸುವ ಮುನ್ನ ಹೊರಗೆ ನಿಂತು ಗೋಳಿಡುವ ಹೆಣ್ಣು ಭೂತವೇ ಬ್ಯಾನ್‌ಶೀ. ಮಕ್ಕಳೊಂದಿಗೆ ಏರಬೇಕಾದ ವಾಹನಕ್ಕೆ ಮರಣಸೂಚಕವಾದ ಹೆಸರೇ ಎಂದು ಜನ ಆಕ್ಷೇಪಿಸಿದರು. ಶಕುನ ನೋಡುವುದು ನಮ್ಮ ಅಜ್ಜಿಯರ ಸ್ವತ್ತು ಮಾತ್ರವೇನೂ ಅಲ್ಲ! ಹೆಸರು ಬದಲಾಯಿತು. ಮುಂಗಾಲುಗಳನ್ನು ಕೈಮುಗಿದಂತೆ ಎತ್ತಿಕೊಂಡು ನೆಟ್ಟಗೆ ನಿಲ್ಲುವ ಹಸಿರು ಕೀಟಕ್ಕೆ ಇಂಗ್ಲಿಷಿನಲ್ಲಿ ಮ್ಯಾಂಟಿಸ್ ಎನ್ನುತ್ತಾರೆ. ಎದ್ದು ನಿಲ್ಲುವ ವಾಹನಕ್ಕೆ ಇದು ಒಪ್ಪುವ ಹೆಸರೇ ಸರಿ. (ಬಿಟ್ಟ ಹೆಸರು ವ್ಯರ್ಥವಾಗಲಿಲ್ಲ. ಅದೇ ಒಡೆತನದ ಕಿಂಗ್ಸ್ ಐಲೆಂಡ್ ಉದ್ಯಾನದಲ್ಲಿ 2014ರಲ್ಲಿ ತೆರೆದ ಹೊಸ ವಾಹನಕ್ಕೆ ಬ್ಯಾನ್‌ಶೀ ಎಂದೇ ಹೆಸರಿಟ್ಟರು. ಆ ಹೊತ್ತಿಗೆ ಜನರ ಮನಸ್ಸೂ ಗಟ್ಟಿಯಾಗಿದ್ದಿರಬೇಕು.)

ಸುಮಾರು 1 ಕೋಟಿ 20 ಲಕ್ಷ ಡಾಲರ್ ವೆಚ್ಚದಲ್ಲಿ, ಕೊಳವೊಂದರ ಮೇಲೆ ಮ್ಯಾಂಟಿಸ್ ತಲೆಯೆತ್ತಿತು. ಎತ್ತರ 145 ಅಡಿ, ಹಳಿಯ ಉದ್ದ 3,900 ಅಡಿ. ಪ್ರಪಂಚದ ನಿಲುವಿನ ವಾಹನಗಳಲ್ಲೆಲ್ಲ ಅಂದು ಅದೇ ಅತ್ಯುನ್ನತ, ಅದೇ ಅತಿವೇಗದ್ದು. ನೆತ್ತಿಯಿಂದ ಎಡಕ್ಕೆ ಬಾಗುತ್ತ ಇಳಿದ ಗಾಡಿ ಮೊದಲು 119 ಅಡಿ ಎತ್ತರದ ನೇರ ಬಳೆಯೊಂದನ್ನು ಸುತ್ತುತ್ತದೆ. ಮುಂದೆ ಮೇಲೇರುತ್ತ ಹೊರಳಿ, ಬೆನ್ನು ಕೆಳಗಾಗಿ, ಮೀನು ಹಿಡಿಯುವ ಹಕ್ಕಿಯಂತೆ ಧುಮುಕುತ್ತದೆ. ಆ ಬಳಿಕ ಓರೆಯಾಗಿ ವಾಲಿದ ಇನ್ನೊಂದು ಬಳೆ. ನಡುವೆ ಒಂದು ಕ್ಷಣ ಬ್ರೇಕಿನ ವಿಶ್ರಾಂತಿ. ಕೊನೆಯಲ್ಲಿ ಬಿರಡೆ ಕೀಳುವ ತಿರುಪಿನಂತೆ ಒಂದು ಸುರುಳಿ. ಇಷ್ಟೂ ಮುಗಿಯಲು ಮೂರು ನಿಮಿಷ ಬೇಕಿಲ್ಲ.

ಕಾಲುಗಳ ದೂರು

ಈ ಸಾಹಸವೆಲ್ಲ ನಿಂತು ಮಾಡಬೇಕಾಗಿದ್ದಿತು. ನಾಲ್ಕು ಮಂದಿಯ ಎಂಟು ಸಾಲುಗಳಂತೆ ಒಂದು ಗಾಡಿಯಲ್ಲಿ 32 ಜನ. ಪ್ರತಿಯೊಬ್ಬನ ಕಾಲುಗಳ ನಡುವೆ ಬೈಸಿಕಲ್ಲಿನ ಸೀಟಿನಂಥ ಒಂದು ಚಿಕ್ಕ ಪೀಠ. ಹೆಗಲ ಮೇಲಿಂದ ಇಳಿದು ಎದೆಯನ್ನು ಅಪ್ಪುವ ಗಟ್ಟಿ ಕವಚ. ಸವಾರನು ಮೊದಲು ನೆಟ್ಟಗೆ ನಿಲ್ಲಬೇಕು. ಅವನ ಎತ್ತರಕ್ಕೆ ಸರಿಯಾಗಿ ಪೀಠವೂ ಕವಚವೂ ಮೇಲೆ ಕೆಳಗೆ ಸರಿದು ಹೊಂದಿಕೊಳ್ಳಬೇಕು. ಅನಂತರ ಬೀಗ ಬೀಳಬೇಕು. ಬೀಗ ಬೀಳುವ ಗಳಿಗೆಯಲ್ಲಿ ಅವನು ಮೊಣಕಾಲನ್ನು ತುಸು ಬಗ್ಗಿಸಿದ್ದನೋ, ಮುಂದಿನ ಮೂರು ನಿಮಿಷ ಕುಕ್ಕರಗಾಲಿನಲ್ಲೇ ಆಕಾಶಯಾತ್ರೆ! ತೀರ ಎತ್ತರಕ್ಕೆ ಚಾಚಿ ನಿಂತಿದ್ದರೆ ಆ ಪೀಠದ ಪೆಟ್ಟು ಎಲ್ಲಿ ತಗಲುತ್ತದೆಂಬುದನ್ನು ಸಭ್ಯ ಪತ್ರಿಕೆಯಲ್ಲಿ ವಿವರಿಸಬೇಕಾಗಿಲ್ಲ.

ಬಳೆಯ ಬುಡದಲ್ಲಿ ದೇಹದ ಭಾರ ಹೆಚ್ಚಿದಂತಾಗುವುದು ಪ್ರಕೃತಿನಿಯಮ. ಆ ಭಾರ ಮೂರು ಪಟ್ಟಾಯಿತೆಂದರೆ, 60 ಕಿಲೋ ತೂಗುವ ಮನುಷ್ಯನಿಗೆ ತಾನು 180 ಕಿಲೋ ತೂಗಿದ ಅನುಭವವಾಗುತ್ತದೆ. ಕುಳಿತವನಲ್ಲಿ ಈ ಭಾರ ತೊಡೆ, ಸೊಂಟ, ಬೆನ್ನುಗಳ ಮೇಲೆ ಹಂಚಿಹೋಗುತ್ತದೆ. ನಿಂತವನಲ್ಲಾದರೋ ಬಹುಪಾಲು ಅಂಗಾಲಿಗೂ ಮೊಣಕಾಲಿಗೂ ಇಳಿಯುತ್ತದೆ. ಇನ್ನು ತಲೆಯ ವಿಷಯ. ನಿಂತವನ ತಲೆ ಹಳಿಯಿಂದ ಬಲು ಎತ್ತರದಲ್ಲಿರುತ್ತದೆ. ಉದ್ದನೆಯ ದೋಟಿಯ ಬುಡವನ್ನು ಸ್ವಲ್ಪ ಅಲುಗಿಸಿದರೂ ತುದಿ ಎಷ್ಟು ತೂಗಾಡುತ್ತದೆಂಬುದನ್ನು ಮಾವಿನಕಾಯಿ ಕಿತ್ತ ಹುಡುಗರೆಲ್ಲ ಬಲ್ಲರು. ಹಳಿ ಹೊರಳಿದಾಗ ನಿಂತವನ ತಲೆಗೂ ಅದೇ ಗತಿ: ಒಮ್ಮೆ ಕವಚದ ಎಡಗಡೆಗೆ, ಒಮ್ಮೆ ಬಲಗಡೆಗೆ. ವಾಹನ ಹೊಸದಿದ್ದಾಗ ಇದು ಸಾಹಸದ ಭಾಗವೆನಿಸಿತು. ವರ್ಷಗಳು ಕಳೆದಂತೆ ಓಟದ ಒರಟುತನ ಹೆಚ್ಚಾಗಿ, ಕಿವಿಯ ಬಳಿಯ ಪೆಟ್ಟೊಂದೇ ನೆನಪಿನಲ್ಲುಳಿಯತೊಡಗಿತು.

ಉದ್ಯಾನದ ಲೆಕ್ಕಪತ್ರಕ್ಕೂ ಇದರಿಂದ ಕ್ಲೇಶವೇ. ಗಾಡಿ ನಿಮಿಷಕ್ಕೊಂದರಂತೆ ಹೊರಟರೆ ಗಂಟೆಗೆ 1,920 ಮಂದಿ ಸವಾರಿ ಮಾಡಬಹುದು. 32 ಜನರನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ, ಅಳೆದು, ಬೀಗ ಹಾಕಿ, ಮತ್ತೆ ಪರೀಕ್ಷಿಸುವುದಕ್ಕೆ ಎರಡು ನಿಮಿಷ ಹಿಡಿಯಿತೆಂದರೆ ಆ ಸಂಖ್ಯೆ 960ಕ್ಕೆ ಇಳಿಯುತ್ತದೆ. ಬಿಸಿಲಿನಲ್ಲಿ ಸಾಲು ನಿಂತ ಸಂಸಾರಗಳಿಗೆ ಈ ವ್ಯತ್ಯಾಸ ಚೆನ್ನಾಗಿ ಅರ್ಥವಾಗುತ್ತದೆ. ಕಾಲು ನೋಯುವಷ್ಟು ನಿಂತು ಕಾದು, ಕೊನೆಗೆ ಸಿಕ್ಕುವುದೂ ನಿಲ್ಲುವ ಜಾಗವೇ!

ಕೀರ್ತಿಯಾದರೂ ಉಳಿಯಿತೇ ಎಂದರೆ ಅದೂ ಇಲ್ಲ. 1997ರಲ್ಲಿ ಕೆಂಟಕಿ ಪ್ರಾಂತದಲ್ಲಿ ತೆರೆದ ಚಾಂಗ್ ಎಂಬ ನಿಲುವಿನ ವಾಹನ 154 ಅಡಿ ಏರಿತು. 1998ರಲ್ಲಿ ಕ್ಯಾಲಿಫೋರ್ನಿಯಾದ ರಿಡ್ಲರ್ಸ್ ರಿವೆಂಜ್ 156 ಅಡಿಗೆ ಹೋಯಿತು. ಮ್ಯಾಂಟಿಸಿನ ಕಿರೀಟ ಒಂದು ವರ್ಷ ಮಾತ್ರ ಬಾಳಿತು. ಇವೆಲ್ಲವೂ ಅದೇ ಸ್ವಿಸ್ ಜೋಡಿಯ ಕೈಕೆಲಸವೆಂಬುದು ಗಮನಾರ್ಹ. ಅವರ ಸೃಷ್ಟಿಯನ್ನು ಅವರ ಸೃಷ್ಟಿಯೇ ಸೋಲಿಸುತ್ತ ಬಂದಿತು. ಸೀಡರ್ ಪಾಯಿಂಟ್‌ನಲ್ಲಿಯೇ 2000ದಲ್ಲಿ 310 ಅಡಿಯ, 2003ರಲ್ಲಿ 420 ಅಡಿಯ ದೈತ್ಯರು ನೆರೆಹೊರೆಗೆ ಬಂದು ನಿಂತಾಗ, 145 ಅಡಿಯ ಮುದಿ ಕೀಟದ ಕಡೆಗೆ ಕಣ್ಣೆತ್ತಿ ನೋಡುವವರು ಕಡಮೆಯಾದರು.

ಕೆಡವುವುದೋ, ಉಳಿಸುವುದೋ

ವಿನೋದೋದ್ಯಾನದ ಒಡೆಯನಿಗೆ ನೆಲ ಬಂಗಾರ. ಜನ ಬಾರದ ಯಂತ್ರವನ್ನು ಕಿತ್ತು, ಆ ಜಾಗದಲ್ಲಿ ಹೊಸದನ್ನು ನಿಲ್ಲಿಸುವುದು ವಾಡಿಕೆ. ಕಿಂಗ್ ಕೋಬ್ರಾದ ಕೊನೆ ಹಾಗೆಯೇ ಆಯಿತು. ಅದನ್ನು ಕಟ್ಟಿದ ಟೋಗೋ ಕಂಪನಿ ದಿವಾಳಿಯಾಗಿತ್ತು. ಬಿಡಿಭಾಗ ಕೇಳೋಣವೆಂದರೆ ಕೊಡುವವರಿರಲಿಲ್ಲ. 2001ರಲ್ಲಿ ಆ ನಾಗರ ಕೊನೆಯ ಬಾರಿಗೆ ಓಡಿತು; ಮರುವರ್ಷ ಅದನ್ನು ಕಳಚಿದರು. ಯಂತ್ರಕ್ಕೂ ತವರುಮನೆ ಬೇಕು. ತವರು ಮುಚ್ಚಿದರೆ ಅದರ ಬಾಳು ದುರ್ಭರ.

ಮ್ಯಾಂಟಿಸಿನ ತವರು ಗಟ್ಟಿಯಾಗಿತ್ತು. ಮೋಂತೆಯ ಕಂಪನಿ ಬದುಕಿದ್ದಷ್ಟೇ ಅಲ್ಲ, ಪ್ರಪಂಚದ ಹೆಸರಾಂತ ನಿರ್ಮಾಪಕರಲ್ಲಿ ಒಂದಾಗಿತ್ತು. ಅದರ ಕೋಸ್ಟರುಗಳಲ್ಲಿ ಪೆಟ್ಟಿಗೆಯಾಕಾರದ ಉಕ್ಕಿನ ಬೆನ್ನೆಲುಬೊಂದಿದ್ದು, ಅದರ ಇಕ್ಕೆಲಗಳಲ್ಲಿ ಕೊಳವೆಯಂಥ ಹಳಿಗಳಿರುತ್ತವೆ. ಗಾಡಿಯ ಚಕ್ರಗಳು ಹಳಿಯನ್ನು ಮೇಲಿನಿಂದ, ಪಕ್ಕದಿಂದ, ಕೆಳಗಿನಿಂದ ಮೂರು ಕಡೆಯೂ ಹಿಡಿದುಕೊಂಡಿರುತ್ತವೆ. ತಲೆಕೆಳಗಾದರೂ ಗಾಡಿ ಬೀಳದಿರುವುದಕ್ಕೆ ಇದೇ ಕಾರಣ. ಹಳಿಗೆ ಒಪ್ಪುವ ಹೊಸ ಗಾಡಿಯನ್ನು ಅದೇ ಕಾರ್ಖಾನೆಯಿಂದ ತರಿಸಲು ಅಡ್ಡಿಯಿರಲಿಲ್ಲ. ಕಂಬ, ಅಡಿಪಾಯ, ಸರಪಳಿಯ ದಿಬ್ಬ, ಬಳೆಗಳು ಇದ್ದಲ್ಲಿಯೇ ಇರುತ್ತವೆ. ಹೆಚ್ಚಿನ ಹಣ ಹುಗಿದುಹೋಗುವುದು ಇವುಗಳಲ್ಲಿಯೇ ಆದುದರಿಂದ, ಇವು ಉಳಿದರೆ ಉದ್ಯಾನಕ್ಕೆ ಅದೇ ದೊಡ್ಡ ಲಾಭ.

ಆದರೆ ಎಂಥ ಗಾಡಿ? ಸಾಮಾನ್ಯ ಆಸನದ ಗಾಡಿಯನ್ನು ಹತ್ತಿಸಿದರೆ, ನಿನ್ನೆಯವರೆಗೆ ಅಪರೂಪವಾಗಿದ್ದದ್ದು ನಾಳೆಯಿಂದ ಸರ್ವಸಾಧಾರಣವಾಗುತ್ತಿತ್ತು. ಇಲ್ಲಿ ಕೈಹಿಡಿದದ್ದು ಅದೇ ಕಂಪನಿಯ ಇನ್ನೊಂದು ಸೃಷ್ಟಿ. 1999ರಲ್ಲಿ ನ್ಯೂಜೆರ್ಸಿಯ ಉದ್ಯಾನವೊಂದರಲ್ಲಿ ಮೆಡೂಸಾ ಎಂಬ ಹೆಸರಿನಿಂದ ಅದು ಮೊದಲು ಓಡಿತ್ತು. ಅದೇ ನೆಲವಿಲ್ಲದ ಗಾಡಿ. ಇದರಲ್ಲಿ ಪಕ್ಕದ ಗೋಡೆಯಿಲ್ಲ, ಎದುರಿಗೆ ಮರೆಯಿಲ್ಲ, ಪಾದದಡಿಯಲ್ಲಿ ಹಲಗೆಯೂ ಇಲ್ಲ. ಎತ್ತರದ ಪೀಠದ ಮೇಲೆ ಕುರ್ಚಿ ಮಾತ್ರ. ಕುಳಿತವನ ಕಾಲುಗಳು ಜಗಲಿಯ ಅಂಚಿನಲ್ಲಿ ಕುಳಿತ ಮಗುವಿನ ಕಾಲುಗಳಂತೆ ಗಾಳಿಯಲ್ಲಿ ತೂಗಾಡುತ್ತವೆ. ಅವುಗಳ ಕೆಳಗೆ ಹಳಿ ಹೊಳೆಯಂತೆ ಹರಿದುಹೋಗುತ್ತದೆ. ಮುಂದಿನ ಸಾಲಿನವನಿಗಂತೂ ತನ್ನ ಮತ್ತು ಆಕಾಶದ ನಡುವೆ ತಡೆಯೆಂಬುದೇ ಕಾಣದು. ಪೀಠ ಎತ್ತರವಾಗಿರುವುದರಲ್ಲಿ ಇನ್ನೊಂದು ಗುಣವೂ ಅಡಗಿದೆ. ಹಳಿಯನ್ನು ಬಾಗಿಸಿದ್ದು ನಿಂತ ಮನುಷ್ಯನ ಎದೆಯ ಮಟ್ಟವನ್ನು ಲೆಕ್ಕದಲ್ಲಿಟ್ಟುಕೊಂಡು. ತಗ್ಗಿನ ಆಸನದಲ್ಲಿ ಕೂರಿಸಿದರೆ ಆ ಲೆಕ್ಕ ತೀರ ಕೆಡುತ್ತದೆ, ಎತ್ತರದ ಆಸನದಲ್ಲಿ ಅಷ್ಟು ಕೆಡುವುದಿಲ್ಲ.

ನಿಲ್ದಾಣದಲ್ಲಿ ನಡೆದ ಕೆಲಸ

ಹಳೆಯ ಗಾಡಿ ಇಳಿಸಿ ಹೊಸದನ್ನು ಏರಿಸಿದರೆ ಕೆಲಸ ಮುಗಿಯಿತೆಂದು ಓದುಗರು ಭಾವಿಸಬಹುದು. ಒಂದು ಸಣ್ಣ ತೊಡಕುಂಟು. ಗಾಡಿಯಲ್ಲಿ ನೆಲವಿಲ್ಲವೆಂದ ಮೇಲೆ ಜನ ಅದರೊಳಕ್ಕೆ ನಡೆದು ಹೋಗುವುದು ಯಾವುದರ ಮೇಲೆ? ನೆಲ ಬೇಕೇ ಬೇಕು. ಆದರೆ ಗಾಡಿ ಹೊರಡುವ ಹೊತ್ತಿಗೆ ಅದು ಮಾಯವಾಗಬೇಕು, ಇಲ್ಲವಾದರೆ ತೂಗುವ ಕಾಲುಗಳಿಗೆ ಬಡಿಯುತ್ತದೆ. ಆದುದರಿಂದ ನಿಲ್ದಾಣದ ಹಳಿಯ ನಡುವೆ ಸರಿದು ತಗ್ಗುವ ಹಲಗೆಗಳನ್ನು ಅಳವಡಿಸಬೇಕಾಯಿತು. ಗಾಡಿಯ ಮುಂದುಗಡೆ ಒಂದು ಗೇಟು. ಎಲ್ಲರೂ ಕುಳಿತು, ಕವಚಗಳಿಗೆ ಬೀಗ ಬಿದ್ದು, ಪರೀಕ್ಷೆ ಮುಗಿದ ಮೇಲೆ ಹಲಗೆಗಳು ತಗ್ಗಿ ಸರಿಯುತ್ತವೆ, ಪಾದಗಳಿಗೆ ಆಧಾರ ತಪ್ಪುತ್ತದೆ, ಗೇಟು ತೆರೆಯುತ್ತದೆ. ಹಲಗೆ ಪೂರ್ತಿ ಸರಿದಿದೆಯೆಂದು ಖಾತ್ರಿಯಾದ ಮೇಲೆಯೇ ಗಾಡಿ ಕದಲಬೇಕು. ಗಾಡಿ ಹಿಂದಿರುಗಿ ಪೂರ್ತಿ ನಿಂತ ಮೇಲೆಯೇ ಹಲಗೆ ಮೇಲೇರಬೇಕು. ನೋಡುವವರಿಗೆ ಇದೊಂದು ನಾಟಕದ ಪರದೆ ಸರಿದಂತೆ ಕಂಡರೂ, ಇಂಜಿನಿಯರರಿಗೆ ಕ್ರಮ ತಪ್ಪದಂತೆ ನಡೆಯಬೇಕಾದ ಬೀಗಗಳ ಸಂಸಾರ.

ಸರೋವರದ ಮೇಲಿಂದ ಬೀಸುವ ಹಿಮಗಾಳಿಯಿಂದಾಗಿ ಸೀಡರ್ ಪಾಯಿಂಟ್ ಚಳಿಗಾಲವಿಡೀ ಮುಚ್ಚಿರುತ್ತದೆ. ಕೆಲಸಕ್ಕೆ ದೊರೆತದ್ದು ಆ ಬಿಡುವೇ. 2014ರ ಅಕ್ಟೋಬರ್ 19ರಂದು ಮ್ಯಾಂಟಿಸ್ ಕೊನೆಯ ಸಲ ಓಡಿತು. 2015ರ ಮೇ 9ರಂದು ಕಿತ್ತಳೆಯ ಬಣ್ಣದ ಹಳಿಗಳೊಂದಿಗೆ ಹೊಸ ವಾಹನ ಜನರೆದುರು ಬಂದಿತು. ಹೆಸರು ರೂಗರೂ. ಲೂಯಿಸಿಯಾನಾ ಪ್ರಾಂತದ ಫ್ರೆಂಚ್ ಮೂಲದ ಜನರ ಕಟ್ಟುಕಥೆಗಳಲ್ಲಿ ಕೊಳಚೆ ಕಾಡುಗಳಲ್ಲಿ ಅಲೆಯುವ, ತೋಳದ ತಲೆಯ ಮನುಷ್ಯನೇ ರೂಗರೂ. ಇಪ್ಪತ್ತು ವರ್ಷದ ಹಿಂದೆ ಭೂತದ ಹೆಸರಿಗೆ ಹೆದರಿದ ಉದ್ಯಾನ ಈ ಬಾರಿ ರಾಕ್ಷಸನನ್ನೇ ಕರೆದು ಬಾಗಿಲಲ್ಲಿ ನಿಲ್ಲಿಸಿತು, ಯಾರೂ ಬೇಡವೆನ್ನಲಿಲ್ಲ. ರೂಪ ಬದಲಾಯಿಸುವ ಪ್ರಾಣಿಯ ಹೆಸರು ರೂಪ ಬದಲಾದ ಯಂತ್ರಕ್ಕೆ ಸಲ್ಲುವುದೇ ಆಗಿತ್ತು.

ಬಂದ ಫಲ

ಎತ್ತರ ಅದೇ 145 ಅಡಿ. ವೇಗ ಅದೇ 60 ಮೈಲಿ. ತಲೆಕೆಳಗಾಗುವುದೂ ಅದೇ ನಾಲ್ಕು ಸಲ. ಗಾಡಿಯೊಂದಕ್ಕೆ ಅದೇ 32 ಮಂದಿ. ಆದರೂ ಇದು ಬೇರೆಯದೇ ಸವಾರಿ. ಮೊಣಕಾಲು, ಅಂಗಾಲುಗಳ ದೂರು ಕೊನೆಗೊಂಡಿತು. ಎತ್ತರ ಹೊಂದಿಸುವ ತಾಪತ್ರಯವಿಲ್ಲದ್ದರಿಂದ ಹತ್ತುವುದೂ ಸುಲಭವಾಯಿತು. ಹಿಂದೆ ಮೊದಲು ನಿಲ್ಲಲು ಕಲಿಯಬೇಕಾಗಿತ್ತು, ಈಗ ಕುಳಿತರೆ ಸಾಕು.

ಎಲ್ಲವೂ ಗೆಲುವೆಂದು ಹೇಳುವುದು ಸತ್ಯಕ್ಕೆ ದೂರ. ನಿಂತ ದೇಹಕ್ಕಾಗಿ ಬಾಗಿಸಿದ ಹಳಿ, ಗಾಡಿ ಬದಲಾದ ಮಾತ್ರಕ್ಕೆ ತನ್ನ ಬಾಗನ್ನು ಬದಲಾಯಿಸಿಕೊಳ್ಳುವುದಿಲ್ಲ. ಹೆಗಲ ಕವಚಕ್ಕೆ ತಲೆ ತಗಲುವುದು ಪೂರ್ತಿ ತಪ್ಪಲಿಲ್ಲವೆಂದು ಗೊಣಗುವ ಸವಾರರು ಇಂದಿಗೂ ಇದ್ದಾರೆ. ಹಳೆಯ ಅಂಗಿಯನ್ನು ಬಿಚ್ಚಿ ತಮ್ಮನಿಗೆ ಹೊಲಿದುಕೊಟ್ಟರೆ ಹೆಗಲ ಹೊಲಿಗೆ ಎಲ್ಲೋ ಒಂದು ಕಡೆ ಸುಕ್ಕಾಗದಿರುವುದಿಲ್ಲ. ಮತ್ತೊಂದು ಬಗೆಯ ನಷ್ಟವೂ ಉಂಟು: ನಿಂತು ಬಳೆಯನ್ನು ಸುತ್ತುವ ಆ ವಿಚಿತ್ರ ಅನುಭವವನ್ನು ಇಷ್ಟಪಟ್ಟವರು, ಕಡಮೆ ಸಂಖ್ಯೆಯಲ್ಲಾದರೂ, ಇದ್ದೇ ಇದ್ದರು, ಅವರ ಪಾಲಿಗೆ ಉಳಿದದ್ದು ಹಳಿ ಮಾತ್ರ.

ಆದರೂ ಈ ಮಾರ್ಗ ಇತರರಿಗೆ ರುಚಿಸಿತು. 1991ರ ವೋರ್ಟೆಕ್ಸ್ 2017ರಲ್ಲಿ ನೆಲವಿಲ್ಲದ ಗಾಡಿ ಪಡೆದು ಪೇಟ್ರಿಯಟ್ ಆಯಿತು. ಎಲ್ಲಕ್ಕೂ ಹಿರಿಯದಾದ ಐರನ್ ವುಲ್ಫಿನ ಬಾಳಿನಲ್ಲಿ ಇನ್ನೂ ಹೆಚ್ಚಿನ ಏರಿಳಿತ. ಇಲಿನಾಯ್‌ನಿಂದ ಅದನ್ನು ಕಳಚಿ ಮೇರಿಲೆಂಡಿಗೆ ಒಯ್ದು, 2012ರಲ್ಲಿ ಅಪಾಕಲಿಪ್ಸ್ ಎಂಬ ಹೆಸರಿನಿಂದ ನಿಲ್ಲಿಸಿದರು. 2019ರಲ್ಲಿ ಸವಾರರನ್ನು ಕೂರಿಸಿ ಫೈರ್‌ಬರ್ಡ್ ಎಂದು ಮೂರನೆಯ ಹೆಸರಿಟ್ಟರು. 2025ರ ನವೆಂಬರಿನಲ್ಲಿ ಆ ಉದ್ಯಾನವೇ ಬಾಗಿಲು ಮುಚ್ಚಿತು. ಮ್ಯಾಂಟಿಸಿನ ಕಿರೀಟ ಕಿತ್ತುಕೊಂಡ ಚಾಂಗ್, ನ್ಯೂಜೆರ್ಸಿಗೆ ಹೋಗಿ ಗ್ರೀನ್ ಲ್ಯಾಂಟರ್ನ್ ಎನಿಸಿಕೊಂಡರೂ ಕೊನೆಯವರೆಗೆ ನಿಂತವರನ್ನೇ ಹೊತ್ತು, 2024ರ ನವೆಂಬರಿನಲ್ಲಿ ಓಟ ಮುಗಿಸಿತು.

ಹಾಗೆಂದು ನಿಲ್ಲುವ ಆಸೆ ಸತ್ತಿಲ್ಲ. 1999ರ ಅನಂತರ ಎರಡು ದಶಕಗಳಿಗೂ ಹೆಚ್ಚು ಕಾಲ ಸ್ವಿಸ್ ಕಂಪನಿ ನಿಲುವಿನ ವಾಹನ ಕಟ್ಟಿರಲಿಲ್ಲ. 2023ರಲ್ಲಿ ಫ್ಲಾರಿಡಾದ ಒರ್ಲ್ಯಾಂಡೊ ನಗರದ ಉದ್ಯಾನವೊಂದಕ್ಕೆ ಪೈಪ್‌ಲೈನ್ ಎಂಬುದನ್ನು ಕಟ್ಟಿಕೊಟ್ಟಿತು. ಕಡಲ ಅಲೆಯ ಮೇಲೆ ಹಲಗೆ ಹತ್ತಿ ಜಾರುವವರ ಅನುಕರಣೆ ಅದು. ಎತ್ತರ ಸುಮಾರು 110 ಅಡಿ. ತಲೆಕೆಳಗಾಗುವುದು ಒಂದೇ ಸಲ. ಇದರಲ್ಲಿ ಪೀಠ ಬೀಗ ಬಿದ್ದ ಮೇಲೆ ಬಿಗಿದು ನಿಲ್ಲುವುದಿಲ್ಲ. ಸವಾರಿಯುದ್ದಕ್ಕೂ ಸವಾರನೊಂದಿಗೆ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಭಾರ ಹೆಚ್ಚಿದಾಗ ಮೊಣಕಾಲು ಬಗ್ಗಬಹುದು, ಭಾರ ಕಳೆದಾಗ ಮತ್ತೆ ನೆಟ್ಟಗಾಗಬಹುದು.